ಗಾದಿಯೊಳಗಿನ ಮುಚ್ಚಳ

ಶಾಲೆಯವರು ನನ್ನ ಅಕ್ಕನ ಮಗಳು ಜೋಯಾಳನ್ನು ಮನೆಗೆ ಕಳುಹಿಸಿದ್ದು ಒಂದೇ ಮಾತು ಹೇಳಿ: ಈ ಹುಡುಗಿ ಯಾರ ಜೊತೆಗೂ ಆಡುವುದಿಲ್ಲ. ಆಡುವುದಿಲ್ಲವಂತೆ! ಅಷ್ಟು ಮಕ್ಕಳು ಕಿರುಚುವ ಅಂಗಳದಲ್ಲಿ ಕಿವಿ ಮುಚ್ಚಿಕೊಂಡು ನಿಂತವಳು ಯಾರ ಜೊತೆ ಆಡಬೇಕಿತ್ತು, ಗಂಟೆ ಬಾರಿಸುವ ಸಿಪಾಯಿ ಜೊತೆಗೋ? ನನ್ನನ್ನು ಎಂಟನೇ ಇಯತ್ತೆಗೇ ಶಾಲೆ ಬಿಡಿಸಿ ಕಳಿಸಿದಾಗ ನಾನು ಶಿಳ್ಳೆ ಹಾಕುತ್ತ ಬಂದವನು. ಈ ಸಲ ಮಾತ್ರ ಸಿಟ್ಟಿನಲ್ಲಿ ದಬ್ಬಣ ಬೆರಳಿಗೇ ಚುಚ್ಚಿತು.

ನಮ್ಮದು ಹಳೇ ಹುಬ್ಬಳ್ಳಿಯಲ್ಲಿ ಗಾದಿ ಹೊಲಿಯುವ ಮನೆ. ಜೋಯಾಳಿಗೆ ಆಟಿಸಂ ಇದೆ ಎಂದು ಬಿಡಿಸಿ ಹೇಳಿದವರು ಧಾರವಾಡದ ಆಸ್ಪತ್ರೆಯ ಒಬ್ಬ ಮೇಡಂ.

“ಆಕಿನ್ನ ನಿಮ್ಮ ಆಟಕ್ಕ ಎಳೀಬ್ಯಾಡ್ರಿ. ಆಕಿ ಏನ್ ಆಡತಾಳೋ ಅದರಾಗ ನೀವ ಸೇರಕೊಳ್ರಿ. ಕಲಿಯೂದು ಅಲ್ಲೇ ಚಾಲೂ ಆಗತೈತಿ,” ಎಂದರು.

ಜೋಯಾಳ ಆಟವೆಂದರೆ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ. ಅದನ್ನು ಅರಳೆಯ ರಾಶಿಯಲ್ಲಿ ಹುಗಿದು, ಬರಿಗಾಲಲ್ಲಿ ತುಳಿಯುತ್ತ ಹುಡುಕುವುದು. ನಾನೂ ರಾಶಿಗಿಳಿದೆ. ಮೊದಲು ತಳ್ಳಿದಳು. ಆಮೇಲೆ ಸಹಿಸಿದಳು. ಈಗ ನಾನು ಹುಗಿಯುವ ತನಕ ತನ್ನ ಸರದಿಗೆ ಕಾಯುತ್ತಾಳೆ, ಕಾಲಿಗೆ ತಾಕಿದರೆ “ಸಿಕ್ತು!” ಎನ್ನುತ್ತಾಳೆ. ಮೇಲೆ, ಕೆಳಗೆ, ಒಳಗೆ ಎಲ್ಲ ಅಲ್ಲೇ ಕಲಿತಳು. ಆದರೆ ಆ ಮುಚ್ಚಳವನ್ನು ನನ್ನ ಕೈಗೆ ಬಿಟ್ಟರೆ ಇನ್ನೊಬ್ಬರ ಕೈಗೆ ಕೊಡಳು, ಹೆತ್ತವಳಿಗೂ ಇಲ್ಲ. ಅಕ್ಕ ಯಾಸ್ಮಿನಳಿಗೆ ಅದೇ ಚಿಂತೆ.

“ನೀ ಒಬ್ಬಾವನ ಆಕೀಗೆ ಜಗತ್ತೇನೋ ಅಜರೂ? ನಾಳೆ ನಿಂದ ಲಗ್ನ ಆದಮ್ಯಾಲೆ?”

“ಬರಾಕಿನೂ ರಾಶ್ಯಾಗ ಇಳೀತಾಳ ಬಿಡ.”

“ನಿನ್ನ ಮಾರಿ ಮ್ಯಾಲಿನ ಸಿಟ್ಟ ನೋಡಿ ಯಾರ್ ಬರತಾರೋ!”

ಅಮರಗೋಳದ ಕಾಳಿನ ವ್ಯಾಪಾರಿ ಸಿದ್ದಲಿಂಗಪ್ಪನವರ ಮನೆ ಮದುವೆಗೆ ಗಾದಿ ಕಳಿಸಿದ ದಿನ ಎಡವಟ್ಟಾಯಿತು. ತುಂಬಿದ ಗಾದಿಯನ್ನು ಕೋಲಿನಿಂದ ಬಡಿದು ಸಮ ಮಾಡುವುದು ನಮ್ಮ ಪದ್ಧತಿ; ಒಳಗೆ ಕಲ್ಲಿದ್ದರೂ ಸದ್ದಿಗೆ ಗೊತ್ತಾಗುತ್ತದೆ. ಆ ಸದ್ದು ಜೋಯಾಳಿಗೆ ಆಗದೆಂದು ನಾನು ಕೋಲು ಮೂಲೆಗಿಟ್ಟು ಅಂಗೈಯಲ್ಲಿ ಒತ್ತತೊಡಗಿದ್ದೆ. ಗಾದಿ ಟಂಟಂ ಗಾಡಿ ಏರಿ ಹೋದ ಮೇಲೆ ಜೋಯಾ ಉಳಿದ ಅರಳೆಯನ್ನೆಲ್ಲ ತುಳಿದಳು. ಮುಚ್ಚಳವಿಲ್ಲ. ಬೇರೆ ಮುಚ್ಚಳ ಕೊಟ್ಟರೆ ಬೀಸಿ ಒಗೆದು, ಗೋಡೆಗೆ ಹಣೆ ಬಡಿದುಕೊಳ್ಳತೊಡಗಿದಳು.

“ಅಕ್ಕಾ, ಗಾದ್ಯಾಗ ಹೊಲದೇನಿ.”

“ಏನ್ ಹೊಲದಿ?”

“ಮುಚ್ಚಳಾ!”

ಮೂವರೂ ಗಾಡಿ ಏರಿ ಅಮರಗೋಳಕ್ಕೆ ಓಡಿದೆವು. ಮದುಮಗಳ ಮಂಚದ ಮೇಲೆ ಗಾದಿ ಹಾಸಿ, ಹೊಸ ಚಾದರವನ್ನೂ ಹೊದಿಸಿಯಾಗಿತ್ತು. ಪಕ್ಕದಲ್ಲಿ ಸಿದ್ದಲಿಂಗಪ್ಪನವರ ತಾಯಿ ಸಂಗವ್ವ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದರು.

“ಅಮ್ಮಾರ, ಗಾದಿ ಬಿಚ್ಚಬೇಕ್ರಿ.”

“ಹುಚ್ಚ ಹಿಡದೈತೇನೋ ತಮ್ಮಾ? ಮದುಮಗಳ ಇನ್ನೂ ಕುಂತಿಲ್ಲ ಅದರಮ್ಯಾಲೆ!”

ಅಷ್ಟರಲ್ಲಿ ಜೋಯಾ ಚಪ್ಪಲಿ ಬಿಟ್ಟು ಮಂಚ ಹತ್ತಿ, ಒಂದೊಂದೇ ಹೆಜ್ಜೆ ಒತ್ತುತ್ತ ನಡೆದಳು.

“ಅಯ್ಯ ಶಿವನ, ಹೊಸಾ ಚಾದರ!”

ಜಗಳಕ್ಕೆ ಬಾಯಿ ತೆರೆದಿದ್ದೆ. ಅಕ್ಕ ನನ್ನ ರಟ್ಟೆ ಚಿವುಟಿದಳು. “ಆಕಿ ಕಾಲಿಲೇ ಹುಡಕತಾಳ್ರಿ ಅಮ್ಮಾರ. ಆಕಿ ಮುಚ್ಚಳಾ ಒಳಗ ಉಳದೈತ್ರಿ. ಅದ ಆಕಿ ಆಟ, ಅದ ಆಕಿ ಕಲಿಯೂ ಸಾಲಿ.”

“ಸಾಲಿ?” ಸಂಗವ್ವ ಜೋಯಾಳ ಹೆಜ್ಜೆಗಳನ್ನು ನೋಡಿದರು. ಆಮೇಲೆ ಸೀರೆ ಎತ್ತಿಕಟ್ಟಿ ತಾವೂ ಮಂಚ ಹತ್ತಿದರು. “ನೀ ಆ ಕಡೆ ನೋಡವಾ, ನಾ ಈ ಕಡೆ ನೋಡತೇನಿ.”

ಹೊರಗಿನವರು ಹತ್ತಿರ ಬಂದರೆ ಸರಿಯುವ ಹುಡುಗಿ ಸರಿಯಲಿಲ್ಲ. ಇಬ್ಬರೂ ತುಳಿದರು. ಮಂಚ ಕಿರುಗುಟ್ಟಿತು.

“ಸಿಕ್ತು!” ಜೋಯಾ ಕೂಗಿದಳು.

ಹೊಲಿಗೆ ಬಿಚ್ಚಿ ನಾನೇ ಮುಚ್ಚಳ ತೆಗೆದು ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡಳು. ಸಂಗವ್ವ ಕೈ ಚಾಚಲಿಲ್ಲ, ಕೇಳಲಿಲ್ಲ. ಜೋಯಾ ಮತ್ತೆ ಹುಗಿಯಲಿ ಎಂಬಂತೆ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ನಿಂತರು. ಜೋಯಾ ಅವರ ಸುತ್ತ ಒಂದು ಸುತ್ತು ಬಂದಳು. ಅವರ ಮುಷ್ಟಿ ಬಿಡಿಸಿ, ಮುಚ್ಚಳವನ್ನು ಅಂಗೈಯಲ್ಲಿಟ್ಟಳು.

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ನಾನು ದಬ್ಬಣಕ್ಕೆ ದಾರ ಪೋಣಿಸಿದೆ. “ಅಮ್ಮಾರ, ಇಳೀರಿ. ಹೊಲದ ಕೊಡತೇನ್ರಿ.”

“ಸುಮ್ಮನ ಕುಂಡ್ರೋ,” ಎಂದರು ಸಂಗವ್ವ, ಮುಚ್ಚಳ ಹಿಡಿದ ಕೈಯನ್ನು ಗಾದಿಯ ತೂತಿನೊಳಗೆ ಮೊಣಕೈವರೆಗೆ ತೂರಿಸುತ್ತ. “ಈಗ ನನ್ನ ಪಾಳಿ ಐತಿ.”