ಬೆಸುಗೆಗೆ ಇಟ್ಟ ಕುಂಕುಮ

ಟೈಟಾನಿಯಂ ಎಂಬುದು ಮಹಾ ಮಡಿಯ ಲೋಹ. ಬೆಸೆಯುವ ಮೊದಲು ಬೆವರಿನ ಕೈ ತಾಗಿದರೂ ಸಾಕು, ಮೈಲಿಗೆ. ಹೊರಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಒಳಗೆ ಎಕ್ಸ್‌ರೇಗೂ ಕಾಣದಷ್ಟು ಸಣ್ಣ ತೂತು ಇಟ್ಟುಕೊಂಡಿರುತ್ತದೆ. ಹೆಮ್ಮಾಡಿಯ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಈ ಪಾಠ ಹೇಳುತ್ತಿದ್ದವನು ಗೋಪಿ. ಮುಂಬಯಿಯಲ್ಲಿ ವೆಲ್ಡಿಂಗ್ ಕಲಿತು ಬಂದವನು. ಗ್ಲೌಸ್ ಇಲ್ಲದೆ ಪೈಪು ಮುಟ್ಟಿದವರ ಜನ್ಮ ಜಾಲಾಡುತ್ತಿದ್ದ.

ಅಂಥವನ ಎದುರಿಗೆ ಒಂದು ಬೆಳಿಗ್ಗೆ ಪರೀಕ್ಷೆಗೆ ಇಟ್ಟ ಮಾದರಿ ತುಂಡು ಉಪ್ಪುನೀರಿನ ತೊಟ್ಟಿಯಲ್ಲಿ ಎರಡಾಗಿ ಬಿದ್ದಿತ್ತು. ಆಳಸಮುದ್ರಕ್ಕೆ ಕ್ಯಾಮೆರಾ ಇಳಿಸುವ ತೋಳನ್ನು ಬೆಸೆದ ದಿನವೇ, ಅದೇ ಪೈಪಿನಿಂದ, ಅವನೇ ಬೆಸೆದ ತುಂಡು. ಕಡಲು ಜಗ್ಗಿದ ಹಾಗೆ ಯಂತ್ರವೊಂದು ಅದನ್ನು ನೀರೊಳಗೆ ಎಳೆದು ಬಿಡುತ್ತಿತ್ತು. ತಿಂಗಳುಗಟ್ಟಲೆ ತಡೆಯಬೇಕಾದದ್ದು ವಾರಕ್ಕೇ ಕೈಕೊಟ್ಟಿತು. ತೋಳು ಆಗಲೇ ಹಡಗು ಸೇರಿ ಕೆಲಸ ಮಾಡುತ್ತಿತ್ತು. ಅದರ ಅಡಿಯಲ್ಲಿ ಹಗ್ಗ ಹಿಡಿಯುವವನು ನಿತೇಶ್, ಗೋಪಿಯ ಹೆಂಡತಿ ವಿನಯಾಳ ಒಬ್ಬನೇ ತಮ್ಮ.

ಗೋಪಿ ತುಂಡುಗಳನ್ನು ನೀರಿನಿಂದ ಎತ್ತಿದ. ಆಯುಧಪೂಜೆಯ ದಿನ ನೆನಪಾಯಿತು. ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳುವ ವಿನಯಾ ಅಂದು ದೀಪದ ಎಣ್ಣೆಯಲ್ಲಿ ಕುಂಕುಮ ಕಲಸಿ, ಪ್ರತಿ ಪೈಪಿನ ತುದಿಗೂ ಬೊಟ್ಟು ಇಟ್ಟಿದ್ದಳು. ಕೂಡುವ ಜಾಗ ಗಟ್ಟಿಯಾಗಲಿ, ತಮ್ಮ ಕ್ಷೇಮವಾಗಿರಲಿ ಎಂದು. ಮರುದಿನ ಅದನ್ನು ದ್ರಾವಣ ಹಾಕಿ ತೊಳೆಯಬೇಕಿತ್ತು. ದೇವರ ಕುಂಕುಮಕ್ಕೆ ಆ ಘಾಟು ನೀರು ಸುರಿಯಲು ಗೋಪಿಗೆ ಕೈ ಬರಲಿಲ್ಲ. ಬಟ್ಟೆಯಲ್ಲಿ ಒರೆಸಿದ, ಕಣ್ಣಿಗೊತ್ತಿಕೊಂಡ, ಬೆಸೆದ. ಬುದ್ಧಿವಂತ!

ಮಾಲಿಕ ರಾಜೇಂದ್ರ ಶೆಟ್ಟರ ಮುಂದೆ ಹೋಗಿ ಮುರಿದ ತುಂಡು ಇಟ್ಟ.

"ತೋಳ್ ಎಕ್ಸ್‌ರೇಯಲ್ಲಿ ಪಾಸ್ ಆಯ್ತಲ್ಲ ಮಾರಾಯಾ? ಒಂದ್ ತುಂಡ್ ಮುರ್ದದ್ಕೆ ಹಡಗಿನ ಕೆಲ್ಸ ನಿಲ್ಸೂದಾ?"

"ನಿಲ್ಸ್ಕ್ ಶೆಟ್ರೆ. ನಾನ್ ಸಮಾ ಕ್ಲೀನ್ ಮಾಡ್ಲಿಲ್ಲೆ."

ಶೆಟ್ಟರು ಅವನ ಮುಖ ನೋಡಿದರು. ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಹಡಗಿಗೆ ಫೋನು ಹಚ್ಚಿ ಗೋಪಿಯ ಕೈಗೆ ಕೊಟ್ಟರು. ನಂಬರು ಸಿಕ್ಕಿ, ನಿತೇಶ್ ಲೈನಿಗೆ ಬರುವಷ್ಟರಲ್ಲಿ ತುಂಡು ಮುರಿದದ್ದು, ಪೈಪು ತೊಳೆಯದ್ದು ಕೇಳಿ ವಿನಯಾಳೂ ಬಾಗಿಲಲ್ಲಿ ನಿಂತಿದ್ದಳು.

"ಬೇಗ ಹೇಳಿ ಭಾವ. ಕ್ಯಾಮೆರಾ ಮೇಲ್ ಬತ್ತಾ ಇತ್ತ್, ನಾನ್ ಹಗ್ಗ ಹಿಡೀಕ್."

"ತೋಳಿನಡಿಗ್ ಹೋಗ್ಬೇಡ. ಬೆಸುಗೆ ಸಮಾ ಇಲ್ಲೆ."

ಅತ್ತ ನಗು. "ನಿಮ್ಮ್ ಬೆಸುಗೆಯಾ? ಅದ್ರ್ ಮೇಲ್ ಅಕ್ಕ ಕುಂಕುಮ ಇಟ್ಟ್ ಕಳ್ಸದ್ದ್. ಎಂತಾತಿಲ್ಲೆ. ಫೋನ್ ಇಡ್ತೆ."

ವಿನಯಾ ಫೋನು ಕಿತ್ತುಕೊಂಡಳು. "ನಿತೇಶಾ, ಆ ಕುಂಕುಮದಿಂದ್ಲೇ ಕೆಟ್ಟದ್ದ್. ನನ್ನ ಕೈಯಿಂದ್ಲೇ. ಅದ್ರಡಿಗ್ ಹೋದ್ರೆ ನನ್ನಾಣೆ."

ಅತ್ತಲಿಂದ ಯಂತ್ರದ ಗುರುಗುಟ್ಟುವಿಕೆ, ಗಾಳಿ, ಯಾರೋ ಕೂಗಿದ್ದು. ಗೋಪಿ ಮೇಜಿನ ಅಂಚನ್ನು ಹಿಡಿದುಕೊಂಡಿದ್ದ. ಶೆಟ್ಟರು ಫ್ಯಾನು ಆಫ್ ಮಾಡಿದರು. ಆಮೇಲೆ ನಿತೇಶನ ದನಿ ಬಂತು, ಈಗ ಅದರಲ್ಲಿ ನಗುವಿರಲಿಲ್ಲ.

"ಎಲ್ಲರನ್ನೂ ಹಿಂದೆ ಕಳ್ಸಿದೆ ಅಕ್ಕ. ತೋಳ್ ಬೇರೆ ಕ್ರೇನಿಗ್ ಸಿಕ್ಸಿ ಇಳ್ಸ್ತ್ರ್."



ಮುಂದಿನ ವಾರ ತೋಳು ಲಾರಿಯಲ್ಲಿ ಹೆಮ್ಮಾಡಿಗೆ ವಾಪಸು ಬಂತು. ಎಷ್ಟು ನೋಡಿದರೂ ಒಂದು ಗೀರಿಲ್ಲ, ಹೊಸ ತಟ್ಟೆಯ ಹಾಗೆ ಥಳಥಳ. ಸುಮ್ಮನೆ ಹೆದರಿ ಮಾನ ಕಳೆದುಕೊಂಡೆನೇ ಎಂದು ಗೋಪಿಗೆ ಅನುಮಾನ. ಬಿರುಕು ಹುಡುಕುವ ಕೆಂಪು ಬಣ್ಣವನ್ನು ಬೆಸುಗೆಗೆ ಹಚ್ಚಿ, ನೆನೆಯಲು ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದ. ಕಣ್ಣಿಗೆ ಕಾಣದ ಬಿರುಕಿದ್ದರೆ ಅಲ್ಲಿ ಸೇರಿದ ಬಣ್ಣ ಹೊರಗೆ ಜಿನುಗಬೇಕು.

ಗೋಪಿ, ವಿನಯಾ, ಶೆಟ್ಟರು ಮೂವರೂ ಕಾದರು. ಬಿಳಿಯ ಮೇಲೆ ಒಂದು ಕೆಂಪು ಚುಕ್ಕಿ ಮೂಡಿತು. ಅದು ಎಳೆಯಾಯಿತು. ಎಳೆ ಪೈಪಿನ ಅರ್ಧ ಸುತ್ತು ಹೋಗಿ ನಿಂತಿತು.

"ನಾನ್ ಬೊಟ್ಟಿಟ್ಟದ್ದ್ ಇಲ್ಲೇ," ಎಂದಳು ವಿನಯಾ.

ಗೋಪಿ ಅಭ್ಯಾಸಬಲದಿಂದ ಬಟ್ಟೆಗೆ ಕೈ ಹಾಕಿದ. ಅವಳು ಅವನ ಕೈ ಹಿಡಿದು ತಡೆದಳು.

"ಒರ್ಸ್ಬೇಡಿ. ನಿತೇಶ ಬಂದ್ ಕಾಣ್ಲಿ."