ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು

ನಾನು ಒಂದು ನೆಟ್‌ವರ್ಕ್ ಸ್ವಿಚ್ಚು. ಗೋಡೆಯ ಮೇಲೆ ದೀಪ ಹಚ್ಚುವ ಸ್ವಿಚ್ಚಲ್ಲ. ತಂತಿ ಸಿಕ್ಕಿಸಲು ಇಪ್ಪತ್ತನಾಲ್ಕು ತೂತುಗಳಿರುವ ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಎಲ್ಲೋ ದೂರದ ಕಾರ್ಖಾನೆಯಲ್ಲಿ, ಕೈಗವಸು ತೊಟ್ಟ ಯಾರದೋ ಬೆರಳುಗಳ ನಡುವೆ ಹುಟ್ಟಿದೆ. ಅಂದೇ ನನ್ನ ಹೊಟ್ಟೆಗೆ ಒಂದು ನಂಬರು ಅಂಟಿಸಿದರು. ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ.

ನನ್ನನ್ನು ಕೊಂಡದ್ದು ಗದಗಿನ ಒಂದು ಕಣ್ಣಿನ ಆಸ್ಪತ್ರೆ. ಅಲ್ಲಿ ಓದುವ ಹುಡುಗರೂ ಇದ್ದರು. ಆಪರೇಷನ್ ಕೋಣೆಯ ಕ್ಯಾಮೆರಾದ ಚಿತ್ರ ಒಂದು ತಂತಿಯಿಂದ ನನ್ನೊಳಗೆ ಬರುತ್ತಿತ್ತು. ಬೇಕೆಂದ ಟಿವಿಗಳಿಗೆ ಮಾತ್ರ ಅದನ್ನು ಹಂಚುವುದು ನನ್ನ ಕೆಲಸ. ಕೇಳದವರ ತಂತಿಗೆ ಒಂದು ಚೂರೂ ಹೋಗಬಾರದು. ಬಿಲ್ ಕೌಂಟರಿನ ಕಂಪ್ಯೂಟರಿಗೆ ಯಾರದೋ ಕಣ್ಣಿನ ಪೊರೆ ಯಾಕೆ ಬೇಕು?

ಇದಕ್ಕೆಂದೇ ಒಂದು ಪಟ್ಟಿ ಇಟ್ಟಿದ್ದೆ. ಟಿವಿ ಹಚ್ಚಿದೊಡನೆ "ನನ್ನನ್ನೂ ಗುಂಪಿಗೆ ಸೇರಿಸು" ಎನ್ನುತ್ತಿತ್ತು. ಅದರ ತಂತಿ ಯಾವ ತೂತಿನಲ್ಲಿದೆಯೆಂದು ಬರೆದುಕೊಳ್ಳುತ್ತಿದ್ದೆ. ಆದರೆ ಬರೆದದ್ದು ಶಾಶ್ವತವಲ್ಲ. ನಮ್ಮ ಕಪಾಟಿನಲ್ಲಿ, ನನ್ನ ಮೇಲಿನ ಖಾನೆಯಲ್ಲಿ, ಇಂಟರ್‌ನೆಟ್ ತರುವ ಒಬ್ಬ ಹಳೆಯ ರೌಟರ್ ಇದ್ದ. ಎರಡು ನಿಮಿಷಕ್ಕೊಮ್ಮೆ ಅವನು ಎಲ್ಲರನ್ನೂ ಕೇಳುತ್ತಿದ್ದ: "ಯಾರಿಗಿನ್ನೂ ಬೇಕು?" ಹೂಂ ಎಂದವರನ್ನು ಉಳಿಸಿಕೊಳ್ಳುತ್ತಿದ್ದೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಸದ್ದೇ ಇಲ್ಲದವರು ಎದ್ದು ಹೋಗಿರಬೇಕೆಂದು ಹೊಡೆದುಹಾಕುತ್ತಿದ್ದೆ. ಟಿವಿಗಳದೂ ಒಂದು ಸ್ವಭಾವ. ಕೇಳಿದರೆ ಉತ್ತರ ಕೊಡುತ್ತವೆ. ತಾವಾಗಿ ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ಅವುಗಳ ಮೇಲೆ ನನಗೆ ಕೋಪವಿಲ್ಲ. ಅಂಥವರು ಮನುಷ್ಯರಲ್ಲೂ ಇದ್ದಾರೆ.

ಮಹಾದೇವಿ ಅಂಥವಳು. ನಮ್ಮನ್ನು ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಬಂದವಳು, ಮೂರು ವರ್ಷದಿಂದ. ನನ್ನ ಒಂದೊಂದು ತೂತಿನ ಕೆಳಗೂ ಚೀಟಿ ಅಂಟಿಸಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ಹದಿನಾಲ್ಕು, ಪಾಠದ ಹಾಲ್. ಪಾಠ ನಡೆಸುವ ಮಾನ್ಯತೆಗಾಗಿ ದೊಡ್ಡವರು ಬಂದು ಮಾಡುವ ತಪಾಸಣೆ ಚೆನ್ನಾಗಿ ನಡೆದರೆ ಆಕೆಯ ಕೆಲಸ ಕಾಯಂ ಮಾಡುವುದಾಗಿ ಆಡಳಿತಾಧಿಕಾರಿ ಕುಬಸದ ಹೇಳಿದ್ದರು. ಆಕೆ ನಂಬಿದ್ದಳು.

ದಸರೆಯ ಖಂಡೇಪೂಜೆಯ ದಿನ ನಮ್ಮನ್ನೆಲ್ಲ ಆರಿಸಿ, ಧೂಳು ಒರೆಸಿ, ಕುಂಕುಮ ಹಚ್ಚುತ್ತಾರೆ. ಆ ವರ್ಷ ಮಹಾದೇವಿ ರಜೆಯ ಮೇಲೆ ಊರಿಗೆ ಹೋಗಿದ್ದಳು. ಇಂಟರ್‌ನೆಟ್ಟಿಗೆಂದು ಹೊಸ ಬಿಳಿ ಡಬ್ಬಿಯೊಂದು ಬಂದಿತ್ತು. ಕುಬಸದ ಮೇಲಿನ ಖಾನೆ ನೋಡಿದರು.

"ಇಂಟರ್‌ನೆಟ್ ಹೊಸಾದರಾಗ ಬರ್ತೈತಿ. ಈ ಮುದುಕ ಇಲ್ಲಿ ಯಾಕ? ಪೂಜಿ ಫೋಟೋದಾಗ ಚಂದ ಕಾಣಂಗಿಲ್ಲ. ತಗಿ ಅದನ್ನ."

ಕಸ ಗುಡಿಸುವ ಫಕೀರವ್ವ ತಡೆದಳು. "ಪೂಜಿ ದಿನಾನ ಹೊರಗ ಹಾಕೂದ್ರೀ, ಸಾಹೇಬ್ರ?"

"ಕುಂಕುಮ ಹಚ್ಚೇ ಹಾಕು."

ಹಾಗೆಯೇ ಆಯಿತು.

ಮರುದಿನದಿಂದ ಕೇಳುವವರೇ ಇಲ್ಲ. ಟಿವಿ ಹಚ್ಚಿದರೆ ಚಿತ್ರವೇನೋ ಬರುತ್ತಿತ್ತು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ನಾನೇ ಕೈಯಾರೆ ಅದನ್ನು ಪಟ್ಟಿಯಿಂದ ಹೊಡೆದುಹಾಕುತ್ತಿದ್ದೆ. ಪರದೆ ಕಪ್ಪಾಗುತ್ತಿತ್ತು. ರಜೆ ಮುಗಿಸಿ ಬಂದ ಮಹಾದೇವಿ ರಿಮೋಟ್ ಹಿಡಿದು ಓಡಿ ಬಂದು ಆರಿಸಿ ಹಚ್ಚುತ್ತಿದ್ದಳು. ಟಿವಿ ಹೊಸದಾಗಿ ಹೆಸರು ಬರೆಸುತ್ತಿತ್ತು. ಮತ್ತೆ ನಾಲ್ಕು ನಿಮಿಷ. ನನ್ನ ಕಪಾಟು ಪಾಠದ ಹಾಲಿನ ಹಿಂದಿನ ಗೋಡೆಯಲ್ಲೇ ಇತ್ತು. ಹುಡುಗರ ನಗೆ ನನಗೂ ಕೇಳಿಸುತ್ತಿತ್ತು.

"ಬಂದ್ರು ನೋಡ್ರಲೇ, ನಾಕ್ ನಿಮಿಷದ ಮೇಡಮ್ಮಾರು!"

ಹನ್ನೆರಡನೆಯ ದಿನ ಆಕೆ ಕೈಗಡಿಯಾರ ನೋಡುತ್ತ ನನ್ನೆದುರು ಕೂತು ಸೆಕೆಂಡು ಎಣಿಸಿದಳು. ಆಮೇಲೆ ಖಾಲಿ ಖಾನೆಯನ್ನು ನೋಡಿದಳು. ಕುಬಸದರನ್ನು ಕರೆತಂದಳು.

"ಸರ್, ಇಲ್ಲಿದ್ದ ಹಳೇ ರೌಟರ್ ಬೇಕ್ರಿ. ಅದು ಎಲ್ಲಾರನ್ನೂ ಕೇಳ್ತಿತ್ರಿ."

"ಏನ್ ಕೇಳ್ತಿತ್ತು? ಊಟ ಆತೇನು ಅಂತನ?"

"ಅದು ಬ್ಯಾಡಾದ್ರ ಈ ಸ್ವಿಚ್ಚಿನ ಪಾಸ್‌ವರ್ಡ್ ಆದ್ರೂ ಕೊಡ್ರಿ. ಕೇಳೂ ಕೆಲಸ ಇದಕ್ಕ ಹಚ್ತೀನಿ. ಎರಡ ನಿಮಿಷ ಸಾಕ್ರಿ."

"ಗುತ್ತಿಗಿ ಮಂದಿಗೆ ಪಾಸ್‌ವರ್ಡ್ ಕೊಡಂಗಿಲ್ಲವಾ. ನಾ ತಗಿಸಿದ್ದಕ್ಕ ಕೆಟ್ಟೈತಿ ಅಂತ ಊರ ತುಂಬ ಹೇಳಾಕಿ ಏನು?"

ಆಕೆ ಇನ್ನೊಮ್ಮೆ ಕೇಳಲಿಲ್ಲ. ಕೇಳಬೇಕಿತ್ತು. ಆ ಕೆಲಸ ನನಗೆ ನಿಜವಾಗಿ ಬರುತ್ತಿತ್ತು. ಒಂದು ಅಪ್ಪಣೆ ಸಾಕಿತ್ತು.

ತಪಾಸಣೆಯ ದಿನ ಬಾಗಿಲಲ್ಲೇ ಕುಬಸದರ ದನಿ ಕೇಳಿತು: "ದೊಡ್ಡವರ ಮುಂದ ರಿಮೋಟ್ ಹಿಡಕೊಂಡು ಜಿಗದಾಡಬ್ಯಾಡ. ಹೊರಗ ನಿಲ್ಲು."

ಚಿತ್ರ ಬಂತು. ಪೊರೆ ತೆಗೆದಾಗಿತ್ತು, ಹೊಸ ಮಸೂರ ಕಣ್ಣೊಳಗೆ ಇಳಿಯುತ್ತಿತ್ತು. ನಾನು ಸೆಕೆಂಡು ಎಣಿಸುತ್ತಿದ್ದೆ. ಒಂದೇ ಒಂದು ಸಲ ಹದಿನಾಲ್ಕನ್ನು ಹೊಡೆಯದೆ ಬಿಟ್ಟಿದ್ದರೆ! ನನ್ನನ್ನು ಹಾಗೆ ಮಾಡಿಲ್ಲ. ಹೊಡೆದುಹಾಕಿದೆ.

ಹಾಲಿನಲ್ಲಿ ಕುರ್ಚಿಗಳು ಸರಿದ ಸದ್ದು. ಆಮೇಲೆ ಕುಬಸದ: "ನಮ್ಮ ಹುಡಿಗೀದು ತಪ್ಪಾತ್ರಿ, ಸರ್. ಹೊಸಾಕಿ, ಅನುಭವ ಕಡಿಮಿ."

ಮೂರು ವರ್ಷದ ಹೊಸಬಳು. ಬಾಗಿಲ ಹೊರಗೆ ನಿಂತು ಅದನ್ನು ಕೇಳಿಸಿಕೊಂಡಳು. ತಿಂಗಳ ಕೊನೆಗೆ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಕೊನೆಯ ದಿನ ಬಂದು, ಸಡಿಲಾಗಿದ್ದ ನನ್ನ ಒಂದು ತಂತಿಯನ್ನು ಟಕ್ಕೆಂದು ಕೂರುವ ತನಕ ಒತ್ತಿ ಹೋದಳು.

ಹುಬ್ಬಳ್ಳಿಯಿಂದ ಇನ್ನೊಬ್ಬ ಬಂದ. ಅವನಿಗೆ ಚಹದ ಜೊತೆಗೇ ಪಾಸ್‌ವರ್ಡ್ ಸಿಕ್ಕಿತು. ಅವನು ಕೇಳುವವರನ್ನು ಹುಡುಕಲಿಲ್ಲ. ನನ್ನ ಪಟ್ಟಿಯನ್ನೇ ನಿಲ್ಲಿಸಿದ. "ಎಲ್ಲಾ ಎಲ್ಲಾರಿಗೂ ಹೋಗ್ಲಿ ಬಿಡ್ರಿ." ಅಂದಿನಿಂದ ಬೇಕೆಂದವರು, ಬೇಡವೆಂದವರು ಎನ್ನದೆ ಎಲ್ಲರ ತಂತಿಗೂ ಚಿತ್ರ ಸುರಿದೆ. ಟಿವಿ ನಿಲ್ಲಲಿಲ್ಲ. ಕುಬಸದರನ್ನು ಎಲ್ಲರೂ ಹೊಗಳಿದರು. ಬಿಲ್ ಕೌಂಟರಿನಲ್ಲಿ ಮಾತ್ರ ಆ ಹೊರೆಗೆ ಕಂಪ್ಯೂಟರು ತೆವಳತೊಡಗಿತು. ಸ್ವಿಚ್ಚಿಗೆ ವಯಸ್ಸಾಯಿತು ಎಂದರು. ಎರಡು ವರ್ಷಕ್ಕೆ ನನ್ನನ್ನೂ ಇಳಿಸಿದರು.

ಈಗ ಮೆಟ್ಟಿಲ ಕೆಳಗಿನ ಸಾಮಾನಿನ ಕೋಣೆಯಲ್ಲಿದ್ದೇನೆ. ಪಕ್ಕದಲ್ಲೇ ಆ ಹಳೆಯ ರೌಟರ್, ಹಣೆಯ ಮೇಲೆ ಒಣಗಿದ ಕುಂಕುಮ. ಕೇಳುವವನೂ ಬರೆದುಕೊಳ್ಳುವವನೂ ಮತ್ತೆ ಜೊತೆಯಾಗಿದ್ದೇವೆ, ಕರೆಂಟಿಲ್ಲ.

ಇಂದು ಮತ್ತೆ ಖಂಡೇಪೂಜೆ. ಬಕೆಟ್ ಹಿಡಿದು ಫಕೀರವ್ವ ಬಂದಳು.

"ನಿಮಗರ ವರ್ಷಕ್ಕೊಮ್ಮೆ ಕುಂಕುಮ ಐತಿ. ಆ ಹುಡಿಗಿ ಎಲ್ಲಿ ಐತೋ ಏನೋ, ಯಾರ್ ಕೇಳ್ಯಾರ."

ಕರೆಂಟು ತೆಗೆದ ಕ್ಷಣವೇ ನಾನು ಬರೆದುಕೊಂಡದ್ದೆಲ್ಲ ಅಳಿಸಿತ್ತು. ಉಳಿದಿದ್ದವು ಮಹಾದೇವಿ ಬರೆದ ಆ ಚೀಟಿಗಳು. ಫಕೀರವ್ವನಿಗೆ ಓದು ಬಾರದು. ಒದ್ದೆ ಬಟ್ಟೆ ಹಿಂಡಿ, ಕೂಸಿನ ಮುಖ ಒರೆಸುವ ಹಾಗೆ ನನ್ನನ್ನು ಒರೆಸಿದಳು. ಹದಿನಾಲ್ಕರ ಕೆಳಗಿನ ದುಂಡಗಿನ ಅಕ್ಷರಗಳು ನೀಲಿ ನೀರಾಗಿ ಇಳಿದವು. ಅದೇ ಜಾಗ ನೋಡಿ ಕುಂಕುಮ ಇಟ್ಟಳು.