ಸಣ್ಣವ್ವ ಸಾಯಿಸಿದ ಹೀರೋ

ಹಿಂದಿ ಸಿನಿಮಾದ ಕಥೆಯನ್ನು ಹೇಳುವುದಿದ್ದರೆ ನಾನು ಹೇಳಬೇಕಿತ್ತು. ಮಿಶ್ರಿಕೋಟಿಯಲ್ಲಿ ಕಳೆ ತೆಗೆಯಲು ಹೋಗುವ ನಮ್ಮ ಗುಂಪಿನಲ್ಲಿ ಆ ಭಾಷೆ ತಿಳಿಯುವವಳು ಈ ಹಲೀಮಾಬಿ ಒಬ್ಬಳೇ. ಆದರೆ ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹೀರೋಯಿನ್ ರೇಷ್ಮೆ ಲಂಗ ಉಟ್ಟು ಹುಲ್ಲು ಕೊಯ್ಯುತ್ತಾಳೆ, ಕಾಲಿಗೆ ಒಂದು ಚೂರು ರಾಡಿ ಹತ್ತುವುದಿಲ್ಲ. ಅದನ್ನು ನೋಡಿದರೆ ನನಗೆ ಸೊಂಟನೋವೇ ಹೆಚ್ಚಾಗುತ್ತದೆ.

ಸಣ್ಣವ್ವ ಹಾಗಲ್ಲ. ಹಿಂದಿಯ ಒಂದು ಮಾತು ತಿಳಿಯದಿದ್ದರೂ ಟಿವಿಯಲ್ಲಿ ಬರೀ ಮುಖ ನೋಡಿ ಕಥೆ ಹಿಡಿಯುತ್ತಾಳೆ. ಮರುದಿನ ಸಾಲಿನಲ್ಲಿ ಕುಳಿತು, ಕಳೆ ಕೀಳುವ ಕುರ್ಪಿ ಆಡಿಸುತ್ತ ಅದನ್ನು ಹೇಳಿ ಎಲ್ಲರನ್ನೂ ಅಳಿಸುತ್ತಾಳೆ. ಎಲ್ಲರಿಗಿಂತ ಹೆಚ್ಚು ಅಳುವವಳು ಹೊಲದ ಒಡತಿ ಮೈಲಾರವ್ವ. ಕುರಿ ಕಾಯ್ದು ಬೆಳೆದ ಹೆಂಗಸು, ನಮ್ಮ ಜೊತೆಗೇ ಬಗ್ಗಿ ದುಡಿಯುತ್ತಾಳೆ, ಎಲೆ ಅಡಿಕೆ ಎಲ್ಲರಿಗೂ ಕೊಡುತ್ತಾಳೆ. ಕುಡಿಯುವ ನೀರಿಗೆ ಮಾತ್ರ ನಮಗೆಲ್ಲ ಸ್ಟೀಲಿನ ಚರಿಗೆ, ಸಣ್ಣವ್ವನಿಗೆ ಮೇಲಿನಿಂದ ಬೊಗಸೆಗೆ. ಸಣ್ಣವ್ವನದು ಊರ ಹೊರಗಿನ ಕೇರಿ. ಈ ಸಲದ ಕಥೆಯಲ್ಲಿ ಊರಗೌಡನ ಮಗಳು ಹಲಗೆ ಬಾರಿಸುವವನ ಮಗನಿಗೆ ಮನಸೋತಿದ್ದಳು. ಆ ಹುಡುಗನಿಗಾಗಿ ಕಣ್ಣೀರು ಒರೆಸಿಕೊಳ್ಳುತ್ತಲೇ ಮೈಲಾರವ್ವ ಸಣ್ಣವ್ವನ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದಳು.

ಕಥೆ ಮುಗಿಯುವ ದಿನ ಬೆಳಿಗ್ಗೆ ದಾರಿಯಲ್ಲಿ ಸಣ್ಣವ್ವ ನನ್ನನ್ನು ಹಿಂದೆ ನಿಲ್ಲಿಸಿಕೊಂಡು ಒಂದು ಮಾತು ಹೇಳಿದಳು. ಅವಳ ಮಗ ಶಿವಾಜಿ, ಮೈಲಾರವ್ವನ ಮಗಳು ಭಾಗ್ಯಾ, ಇಬ್ಬರೂ ಒಂದೇ ಬಸ್ಸಿನಲ್ಲಿ ಕಲಘಟಗಿಯ ಕಾಲೇಜಿಗೆ ಹೋಗಿ ಬರುತ್ತ ಮದುವೆಯ ಮಾತಿನ ತನಕ ಬಂದಿದ್ದರು. ಭಾಗ್ಯಾಳ ಅಣ್ಣಂದಿರಿಗೆ ತಿಳಿದರೆ ತನ್ನ ಮಗ ಉಳಿಯುವುದಿಲ್ಲ ಎಂದು ಅವಳಿಗೆ ಜೀವ ಹೋದಂತಾಗಿತ್ತು. ಮಗ ಮಾತು ಕೇಳುತ್ತಿಲ್ಲ, ಹುಡುಗಿಯಾದರೂ ಹೆದರಿ ಹಿಂದೆ ಸರಿಯಲಿ ಅಂದಳು. ಹೆದರಿಸುವುದು ಹೇಗೆ ಎಂದು ನಾನು ಕೇಳಲಿಲ್ಲ.

ಅಂದು ರವಿವಾರ, ಭಾಗ್ಯಾ ಕೂಡ ನಮ್ಮ ಸಾಲಿನಲ್ಲಿದ್ದಳು. ಸಣ್ಣವ್ವ ಕಥೆಯ ಕೊನೆ ಹೇಳಿದಳು. ಗೌಡನ ಆಳುಗಳು ಹುಡುಗನನ್ನು ಕಬ್ಬಿನ ಹೊಲಕ್ಕೆ ಎಳೆದೊಯ್ದದ್ದು, ಬೆಳಗಾದ ಮೇಲೆ ಅವನ ತಾಯಿ ಒಂದು ಚಪ್ಪಲಿ ಹಿಡಿದುಕೊಂಡು ಊರೆಲ್ಲ ತಿರುಗಿದ್ದು. ಹೆಂಗಸರು ಕುರ್ಪಿ ಕೆಳಗಿಟ್ಟು ಕುಳಿತುಬಿಟ್ಟರು.

"ಅಂವ ಸಾಯಂಗಿಲ್ಲ," ಅಂದಳು ಭಾಗ್ಯಾ. "ಗೌಡ ಕೈಯಾಗಿನ ಕೊಡ್ಲಿ ಒಗದು ಮದಿವಿ ಮಾಡಿ ಕೊಡ್ತಾನ. ನಾ ನೋಡೇನಿ."

ಭಾಗ್ಯಾಳ ಮನೆಯ ಟಿವಿ ಕೆಟ್ಟು ಕುಳಿತಿತ್ತು, ಅವಳ ಫೋನನ್ನು ಅಣ್ಣ ಕಸಿದಿಟ್ಟಿದ್ದ. ಶಿವಾಜಿಯ ಫೋನಿನಲ್ಲಲ್ಲದೆ ಇನ್ನೆಲ್ಲಿ ನೋಡಿಯಾಳು? ಮೈಲಾರವ್ವನಿಗೆ ಅಷ್ಟೆಲ್ಲ ಹೊಳೆಯಲಿಲ್ಲ. ಅವಳಿಗೆ ಹುಡುಗನ ಚಿಂತೆ.

"ಹಲೀಮಾ, ನಿನಗ ಹಿಂದಿ ಬರ್ತೈತಿ," ಅಂದಳು. "ಖರೇ ಹೇಳ. ಅಂವ ಸಾಯ್ತಾನೋ, ಬದುಕತಾನೋ?"

ಆ ಸಿನಿಮಾವನ್ನು ನಾನೂ ನೋಡಿದ್ದೆ. ಹುಡುಗ ಬದುಕುತ್ತಾನೆ. ಕೊಡಲಿ ಹಿಡಿದು ಬಂದ ಊರಿಗೂರೇ ಕೊನೆಗೆ ಅವನ ಮದುವೆಯಲ್ಲಿ ಕುಣಿಯುತ್ತದೆ. ನಾಚಿಕೆಯಿಲ್ಲದ ಜನ. ಆದರೆ ಸಣ್ಣವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ಆ ನೋಟವನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಸಾಯುತ್ತಾನೆ ಎಂದೆ. ಹುಡುಗಿ ಬೇರೆ ಯಾವುದೋ ಸಿನಿಮಾ ನೋಡಿರಬೇಕು ಎಂದೂ ಸೇರಿಸಿದೆ.

ಮೈಲಾರವ್ವ ಸೆರಗು ಬಾಯಿಗಿಟ್ಟು ಅತ್ತಳು. "ಪಾಪ, ಬಂಗಾರದಂಥಾ ಹುಡುಗ. ಮದಿವಿ ಮಾಡಿ ಕೊಟ್ಟಿದ್ರ ಯಾರ ಗಂಟ ಹೋಗ್ತಿತ್ತು?"

"ಹಂಗಾದ್ರ ನನ್ನನ್ನ ಶಿವಾಜಿಗಿ ಕೊಡ, ಯವ್ವಾ," ಅಂದಳು ಭಾಗ್ಯಾ. "ಸಣ್ಣವ್ವನ ಮಗಗ."

ಮೈಲಾರವ್ವನ ಅಳು ನಿಂತಿತು, ಕೆನ್ನೆ ಇನ್ನೂ ಒದ್ದೆಯಾಗಿತ್ತು. ಚೀರಾಡುತ್ತಾಳೆ ಅಂದುಕೊಂಡಿದ್ದೆ, ಚೀರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆಯಿಂದ ತನ್ನ ಹೊಲಕ್ಕೆ ಕಾಲಿಡಬೇಡ ಎಂದು ಸಣ್ಣವ್ವನಿಗೆ ಹೇಳಿದಳು. ಆಮೇಲೆ ದನಿ ತಗ್ಗಿಸಿ, "ಮಗನ್ನ ಇವತ್ತ ಊರ ಬಿಡಿಸು. ನನ್ನ ಗಂಡುಮಕ್ಕಳು ಸಂಜಿಕ ಮನಿಗಿ ಬರ್ತಾರ," ಅಂದಳು.

ಸಣ್ಣವ್ವ ಕುರ್ಪಿಯ ಮಣ್ಣು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಭಾಗ್ಯಾಳ ಮುಂದೆ ಹಾಯುವಾಗ ಒಂದು ಗಳಿಗೆ ನಿಂತಳು.

"ಅದಕ್ಕ ಅವನ್ನ ನಾನ ಸಾಯಿಸಿದ್ನೆವ್ವಾ," ಅಂದಳು. ಮುಂದೆ ನಿಲ್ಲಲಿಲ್ಲ, ಮಗನನ್ನು ಹುಡುಕಿಕೊಂಡು ಬಸ್ಸಿನ ರಸ್ತೆಯ ಕಡೆಗೆ ಅರ್ಧ ನಡೆಯುತ್ತ ಅರ್ಧ ಓಡುತ್ತ ಹೋದಳು.

ಮೈಲಾರವ್ವ ಬಗ್ಗಿ ಕಳೆ ಕೀಳತೊಡಗಿದಳು. ನಾವೂ ಬಗ್ಗಿದೆವು, ಇನ್ನೇನು ಮಾಡುವುದು? ಭಾಗ್ಯಾ ಮಾತ್ರ ನಿಂತೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಬಾಜು ಬಂದು ಕುಳಿತಳು.

"ಚಾಚಿ, ಖರೇ ಹೇಳ. ಅಂವ ಬದುಕತಾನಲ್ಲ?"

ನನಗೆ ಸಾಕಾಗಿ ಹೋಗಿತ್ತು. ಮತ್ತೊಂದು ಸುಳ್ಳು ಹೇಳುವಷ್ಟು ತ್ರಾಣ ಉಳಿದಿರಲಿಲ್ಲ.

"ಬದುಕತಾನವ್ವಾ," ಅಂದೆ. "ಸಿನಿಮಾದಾಗ ಬದುಕತಾನ."